ಅಕ್ಕನ ಮನೆ ನೋಡಲು ಬಂದವರು

“ನಿಮ್ಮ ಕಡೆ ಒಂದು ಒಳ್ಳೇ ಹಳೇ ಕಾಲದ ಹಳ್ಳಿ ತೋರಿಸಯ್ಯ” ಎಂದು ಯಾರಾದರೂ ಫೋನು ಮಾಡಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಹೀಗಿರಲಿಲ್ಲ. ರೇಷ್ಮೆ ಇಲಾಖೆಯ ನೌಕರಿಯಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳನ್ನೆಲ್ಲ ಬೈಕಿನಲ್ಲಿ ಸುತ್ತಿದವನು ನಾನು. ನಿವೃತ್ತನಾದ ಮೇಲೆ ಬೇರೆ ಕಸುಬಿಲ್ಲದೆ, ಕೇಳಿದವರಿಗೆಲ್ಲ ಹಳ್ಳಿ ತೋರಿಸುವ ದಲ್ಲಾಳಿಯಾಗಿಬಿಟ್ಟೆ. ಕಮಿಷನ್ ಏನೂ ಇಲ್ಲ, ಬರೀ ಜಂಬ.

ಇವರು ಕೇಳುವುದನ್ನಾದರೂ ನೋಡಿ. ಹೆಂಚಿನ ಮನೆ ಇರಬೇಕು, ಅದರ ಮೇಲೆ ಡಿಶ್ ಇರಕೂಡದು. ಹಸು ಇರಬೇಕು, ಸಗಣಿ ಇರಕೂಡದು. ನೀರು ಸೇದುವ ಹೆಂಗಸಿರಬೇಕು, ಆಕೆ ನೈಟಿ ಹಾಕಿರಕೂಡದು. ರಸ್ತೆ ಮಣ್ಣಿನದೇ ಆಗಿರಬೇಕು, ಇವರ ಕಾರು ಮಾತ್ರ ಬಾಗಿಲವರೆಗೂ ಹೋಗಬೇಕು. ಇಂಥ ಊರು ಯಳಂದೂರಿನ ಕಡೆಯೂ ಇಲ್ಲ, ಹನೂರಿನ ಕಡೆಯೂ ಇಲ್ಲ. ಕ್ಯಾಲೆಂಡರಿನಲ್ಲಿದೆ. ಮೊಳೆ ಹೊಡೆದು ನೇತುಹಾಕಿಕೊಂಡರೆ ಮನೆಯಲ್ಲೇ ಕೂತು ನೋಡಬಹುದು.

ನಾಡಹೆಂಚು ಕಂಡರಂತೂ ಇವರಿಗೆ ಕಣ್ಣೀರೇ ಬರುತ್ತದೆ. ಆ ಹೆಂಚೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ! ನಮ್ಮ ತಾತ ಹುಲ್ಲಿನ ಸೂರು ಕಿತ್ತು ಹೆಂಚು ಹೊದಿಸಿದ ದಿನ ಇಡೀ ಬೀದಿಗೆ ಪಾಯಸ ಹಾಕಿಸಿದ್ದನಂತೆ. ಆಗ ಯಾರಾದರೂ ಬಂದು “ಅಯ್ಯೋ, ಹುಲ್ಲಿನ ಸೊಬಗು ಹೋಯಿತಲ್ಲ” ಎಂದಿದ್ದರೆ, ಅವನನ್ನು ಒಂದು ಮಳೆಗಾಲ ಪೂರ್ತಿ ಹುಲ್ಲಿನ ಗುಡಿಸಲಲ್ಲೇ ಮಲಗಿಸುತ್ತಿದ್ದ. ಸೋರುವುದೇ ಸಂಪ್ರದಾಯ ಎಂದು ಇವರಿಗೆ ಯಾರು ಹೇಳಿಕೊಟ್ಟರೋ.

ಹೋದ ತಿಂಗಳು ಮೈಸೂರಿನಿಂದ ನನ್ನ ಕಾಲೇಜು ಗೆಳೆಯ ಶ್ರೀಕಂಠ, ಹೆಂಡತಿಯನ್ನೂ ಇನ್ನೊಂದು ಜೋಡಿಯನ್ನೂ ಕರೆದುಕೊಂಡು ಹೊರಟ. ನಾನು ರಾಮಾಪುರದ ಆಚೆ, ಕಾಡಂಚಿನ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿ, “ಮೈಸೂರಿನವರು ನಿಮ್ಮ ಮನೆ ನೋಡೋಕೆ ಬರ್ತಾರೆ” ಎಂದಷ್ಟೇ ಹೇಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಮ್ಮ ಕಡೆ ಮನೆ ನೋಡುವುದು ಎಂದರೆ ಒಂದು ಶಾಸ್ತ್ರ. ಹೆಣ್ಣು ಕೊಡುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಆ ದಿನ ಮನೆಯ ಮಾನವೆಲ್ಲ ಗೋಡೆಯ ಮೇಲೇ ಇರುತ್ತದೆ. ಅಕ್ಕನ ಮನೆಯಲ್ಲಿ ಮದುವೆಗೆ ಬಂದ ಗಂಡಿಲ್ಲ, ನಿಜ. ಆದರೂ ಮನೆ ನೋಡಲು ಬರುವವರಿಗೆ ಮನೆಯನ್ನು ಹೇಗೆ ತೋರಿಸಬೇಕೆಂದು ಆಕೆಗೆ ಗೊತ್ತು.

ಅಕ್ಕ, ಭಾವ ಸೇರಿ ಮೂರು ದಿನ ಕೂತು ಕೆಮ್ಮಣ್ಣಿನ ಗೋಡೆಗೆ ಗಿಳಿಹಸಿರು ಬಣ್ಣ ಬಳಿದಿದ್ದರು. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯ ಮೇಲೆ ಸಾಲಾಗಿ ಹಾಕಿದ್ದರು. ಮನೆಗೆ ಅಂಟಿದ ದನದ ಕೊಟ್ಟಿಗೆ ಕಾಣದ ಹಾಗೆ ನೀಲಿ ಟಾರ್ಪಾಲು ಕಟ್ಟಿದ್ದರು. ಅಕ್ಕ ಹೊಸ ಸೀರೆಯುಟ್ಟು ಚೆಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಕೈಕಾಲ್ ತೊಳ್ಕಳಿ ಸಾ. ಒಳಕ್ ಬನ್ನಿ, ಪ್ಯಾನ್ ಆಕಿವ್ನಿ.”

ನನ್ನ ಜೊತೆ ಕಾರಿಳಿದ ಶ್ರೀಕಂಠನ ಮುಖ ಬಾಡಿಹೋಯಿತು. ಅಕ್ಕನಿಗೆ ಕೇಳಿಸುವ ಹಾಗೇ, “ಇದೇನಯ್ಯ, ನಮ್ಮ ಬಡಾವಣೆ ಇದ್ದಂಗಿದೆ! ಹಳೇದೇನೂ ಉಳಿಸಿಲ್ಲವಾ?” ಎಂದ. ಅಷ್ಟರಲ್ಲಿ ಗಾಳಿಗೆ ಟಾರ್ಪಾಲಿನ ಅಂಚು ಎದ್ದು, ಒಳಗಿನ ಮಣ್ಣುಗೋಡೆ, ಹಳೇ ಹೆಂಚು ಕಂಡವು. ನಿಧಿ ಸಿಕ್ಕವರ ಹಾಗೆ ನಾಲ್ವರೂ ಅತ್ತ ನುಗ್ಗಿದರು.

“ಅದು ದನದ ಕೊಟ್ಗೆ ಸಾ, ಗಲೀಜು. ಅದ್ನ ಬುಡಿ, ಉಪ್ಪಿಟ್ ಆರೋಯ್ತದೆ” ಎಂದು ಅಕ್ಕ ಅಡ್ಡ ಬಂದಳು.

“ಒಂದೇ ಒಂದು ಫೋಟೋ ಅಮ್ಮಾ” ಎಂದು ಶ್ರೀಕಂಠ ನನ್ನ ಕಡೆ ನೋಡಿದ.

ಆಗ ನಾನು ಉಗಿಯಬೇಕಿತ್ತು. ಉಗಿಯಲಿಲ್ಲ. ಗೆಳೆಯರು ದೂರದಿಂದ ಬಂದಿದ್ದಾರೆ, ಬೇಸರವಾಗದಿರಲಿ ಎಂದುಕೊಂಡು ಟಾರ್ಪಾಲಿನ ಹಗ್ಗ ಬಿಚ್ಚಿದವನು ನಾನೇ. ಅಕ್ಕನ ಕೈಗೆ ಸಗಣಿ ಮಂಕರಿ ಕೊಟ್ಟು ಕೊಟ್ಟಿಗೆಯ ಮುಂದೆ ನಿಲ್ಲಿಸಿದರು. ಶ್ರೀಕಂಠನ ಹೆಂಡತಿ, “ಹಳೇ ಸೀರೆ ಯಾವುದೂ ಇಲ್ಲವಾ ಅಮ್ಮಾ?” ಎಂದು ನಯವಾಗಿಯೇ ಕೇಳಿದಳು. ಅಕ್ಕ ಹೊಸ ಸೀರೆಯಲ್ಲೇ ಮಂಕರಿ ಹಿಡಿದು ನಿಂತಳು. ಭಾವ ಒಳಗೆ ಹೋಗಿ ಫ್ಯಾನ್ ಆರಿಸಿದರು. ಕುರ್ಚಿಯ ಮೇಲೆ ಒಬ್ಬರೂ ಕೂರಲಿಲ್ಲ.

ಇಷ್ಟು ದಿನ ಈ ಕತೆಯನ್ನು ಶ್ರೀಕಂಠನನ್ನು ಬೈಯುವುದಕ್ಕೆಂದೇ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ಹಗ್ಗದ ಗಂಟು ಬಂದಾಗಲೆಲ್ಲ ನಾಲಿಗೆ ತಡವರಿಸುತ್ತಿತ್ತು. ಮನೆ ನೋಡುವ ಶಾಸ್ತ್ರ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹೊರಡುವಾಗ ಅಕ್ಕ ಕೈ ತೊಳೆದು ಬಂದು, ಹೆಂಗಸರಿಗೆ ಕುಂಕುಮ, ಎಲ್ಲರಿಗೂ ಎಲೆಅಡಿಕೆ ಕೊಟ್ಟಳು. ಶಾಸ್ತ್ರದಲ್ಲಿ ಒಂದೂ ಬಿಡಲಿಲ್ಲ. ಅವರು ಕಾರು ಹತ್ತಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ.

“ಇನ್ನೊಂದ್ ದಪ ಬರಾಗ ನೀನೊಬ್ನೇ ಬಾ ಕಣ್ಲಾ” ಎಂದಳು. “ನೀ ಬಂದ್ರೆ ನಾ ಕೊಟ್ಗೆ ಮುಚ್ಚಕಿಲ್ಲ.”