ಕಾಮಾ ತೆಗೆದು ಗೋಡೆ ಕಟ್ಟಿದ್ದು

ಗೆಳೆಯರೇ, ಕಂಪ್ಯೂಟರಿನಲ್ಲಿ ಪಟ್ಟಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಕಲಿತ ತಪ್ಪಿಗೆ ಇವತ್ತು ಬೈಸಿಕೊಂಡೆ. ಮೂಗೂರು ಬಳಿಯ ನಮ್ಮೂರ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಸದಸ್ಯರ ಪಟ್ಟಿ ಉದ್ದವಾಯಿತೆಂದು, ಒಂದೇ ಮನೆ ನಂಬರಿನ ಹೆಸರುಗಳನ್ನೆಲ್ಲ ಕಾಮಾ ಹಾಕಿ ಒಂದೇ ಸಾಲಿಗೆ ಸೇರಿಸುವ ಕ್ವೆರಿ ಬರೆದು, ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದ್ದೆ.

ಬೆಳಿಗ್ಗೆ ಹಾಲು ಹಾಕಲು ಬಂದ ಮಾದಪ್ಪಣ್ಣ ಅದನ್ನು ಓದಿ ಕ್ಯಾನು ಕೆಳಗಿಟ್ಟರು. "ತಮ್ಮುನ್ಗೂ ನನ್ಗೂ ಪಾಲಾಗಿ ಎಂಟು ವರ್ಸ ಆಯ್ತು ಕಣ್ಲಾ. ಪಂಚಾಯ್ತಿ ಮಾಡ್ದೋರ್ ಕೈಲೂ ಸೇರ್ಸಕ್ಕಾಗ್ನಿಲ್ಲ, ನೀನು ಒಂದ್ ಕಾಮಾದಲ್ಲಿ ಸೇರ್ಸ್‌ಬುಟ್ಯಾ?"

ಕಾಮಾ ತೆಗೆದು, ಹೆಸರುಗಳ ನಡುವೆ ಒಂದು ನೆಟ್ಟಗಿನ ಗೆರೆ ಬರುವಂತೆ ಮಾಡಿದೆ. "ಈಗ ಸರಿ. ನಮ್ ನಡುಮನೆ ಗೋಡೆ ಇದ್ದಂಗದೆ," ಎಂದು ಹೋದರು.

ಸಂಜೆ ಅವರ ತಮ್ಮ ಬಂದರು. "ಗೋಡೆ ನನ್ ಕಡೀಕೇ ಒತ್ಕಂಡದಲ್ಲಪ್ಪ, ಒಂಚೂರು ಅತ್ಲಾಗ್ ಜರುಗ್ಸು."

ಎರಡೂ ಕಡೆ ಒಂದೊಂದು ಸ್ಪೇಸ್ ಬಿಟ್ಟಿದ್ದೇನೆ. ಇನ್ನೂ ತಕರಾರಿದ್ದರೆ ತಾಲ್ಲೂಕು ಸರ್ವೇಯರನ್ನೇ ಕರೆಸುತ್ತೇನೆ.