ನನ್ನ ತಂಗಿಯ ತಲೆಯ ಮೇಲಿನ ತಗಡು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಸುರಪುರದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ತಂಗಿ ಹಾಗಲ್ಲ. ಗಂಡ ಅವಳಿಗೆ ಎಚ್‌ಐವಿ ಅಂಟಿಸಿ, ತಾನು ಗುಳಿಗೆ ನುಂಗದೆ ಹಟಮಾಡಿ ಸತ್ತ. ಆಗಲೂ ಅವಳು ಅವನನ್ನು ಬೈಯಲಿಲ್ಲ. ಅವಳ ಪಾಲಿನದನ್ನೂ ನಾನೇ ಬೈದೆ.

ಅವನು ಬಿಟ್ಟುಹೋದದ್ದು ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ ತಗಡು ಹೊದಿಸಿದ ಒಂದೇ ಕೋಣೆ. ಅವಳಿಗೆ ತನ್ನದು ಅನ್ನಲು ಇದ್ದದ್ದು ಅದೊಂದೇ. ಗೋಡೆಗೆ ಗೋಡೆ ಹಚ್ಚಿ ಮೈದುನನ ಮನೆ. "ಈ ಬ್ಯಾನಿ ಇದ್ದಾಕಿ ಇಲ್ಲಿ ಇರೂದು ಬ್ಯಾಡ, ತವರಿಗೆ ಹೋಗ್ಲಿ" ಎಂದು ಅವನು ಹೇಳುತ್ತಲೇ ಇದ್ದ. ನಾನು ಅವಳನ್ನು ತಿಂಗಳಿಗೊಮ್ಮೆ ಯಾದಗಿರಿಯ ದವಾಖಾನೆಗೆ ಕರೆದೊಯ್ದು ಗುಳಿಗೆ ಕೊಡಿಸಿ ಬರುತ್ತಿದ್ದೆ. ಅಲ್ಲಿ ಹೇಳಿದ್ದನ್ನೆಲ್ಲ ಮೈದುನನಿಗೂ ಒಪ್ಪಿಸುತ್ತಿದ್ದೆ: ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಒಂದು ಬೆಳಿಗ್ಗೆ ನಾನು ಬಸ್ಸಿಳಿದು ಹೋದಾಗ ಅವನು ಹಾರೆ ಹಿಡಿದು ಅವಳ ಮಾಡಿನ ಮೇಲಿದ್ದ. ತಗಡು ಎಬ್ಬಿಸಿ ಎಬ್ಬಿಸಿ ಓಣಿಗೆ ಎಸೆಯುತ್ತಿದ್ದ. ಒಂದರ ಅಂಚು ಅವನ ಅಂಗೈಯನ್ನೇ ಸೀಳಿತ್ತು. ಅದರ ಸಿಟ್ಟೂ ಅವಳ ಮೇಲೆಯೇ. "ಈ ಬಿಸಿಲಾಗ ನಾ ಎಲ್ಲಿ ಹೋಗ್ಲೋ" ಎಂದು ತಂಗಿ ಕೆಳಗೆ ನಿಂತು ಕೇಳುತ್ತಿದ್ದಳು. ಜನ ನೋಡುತ್ತ ನಿಂತಿದ್ದರು. ಎದುರು ಮನೆಯವಳು ಸೊಪ್ಪು ಸೋಸುತ್ತಲೇ ನೋಡುತ್ತಿದ್ದಳು.

ಅವನು ಇಳಿದು ಬಂದವನೇ ತಂಗಿಯ ತುರುಬಿಗೆ ಕೈಹಾಕಿ ಎಳೆದ. ಅವಳು ಬಾಗಿಲ ಚೌಕಟ್ಟು ಬಿಡಲಿಲ್ಲ. ಅದೇ ಚೌಕಟ್ಟಿಗೆ ಅವಳ ತಲೆ ಬಡಿದ. ನಾನು ಓಡಿಹೋಗಿ ಅವನ ಬೆನ್ನಿಗೆ ಗುದ್ದಿದೆ, ತೋಳು ಕಚ್ಚಿದೆ. ಅವನಿಗೆ ಸೊಳ್ಳೆ ಕಡಿದಷ್ಟೂ ಆಗಲಿಲ್ಲ. ಇನ್ನೊಮ್ಮೆ ಬಡಿದಾಗ ಅವಳ ಹುಬ್ಬು ಒಡೆದು, ರಕ್ತ ಹರಿದು, ಹಣೆ ಒತ್ತಿ ಹಿಡಿದಿದ್ದ ಅವನ ಸೀಳಿದ ಅಂಗೈಗೆ ಇಳಿಯಿತು.

ಆಗ ಬಿಟ್ಟ. ಜನರೆಲ್ಲ ಒಮ್ಮೆಗೇ ಹಿಂದಕ್ಕೆ ಸರಿದರು. ಅವನು ತನ್ನ ಬಚ್ಚಲಿಗೆ ಓಡಿ ಕೈಗೆ ಬೂದಿ ತಿಕ್ಕಿದ, ಫಿನಾಯಿಲ್ ಸುರಿದುಕೊಂಡ. ನಾನು ಸೆರಗನ್ನು ಮಡಚಿ ತಂಗಿಯ ಹುಬ್ಬಿಗೆ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಅವನು ಬಂದು ದೂರ ನಿಂತು ಅಂಗೈ ಚಾಚಿದ.

"ಯಕ್ಕಾ, ನನಗೇನಾರ ಆಗ್ತದೇನ್ರಿ?"

ಹಸಿ ಗಾಯಕ್ಕೆ ರಕ್ತ ತಾಗಿದರೆ ಆದಷ್ಟು ಬೇಗ, ಮೂರು ದಿನ ದಾಟದಂತೆ, ಗುಳಿಗೆ ಶುರು ಮಾಡಬೇಕು. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಸಾಯಲಿ ಎಂದೂ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ತಂಗಿಯೇ ಹೇಳಿದಳು. "ಇವತ್ತ ಯಾದಗಿರಿಗೆ ಹೋಗು. ಅಂಗೈ ಹರ್ದದ, ತಡ ಮಾಡಬ್ಯಾಡ. ನನಗೂ ಹೊಲಿಗಿ ಬೀಳ್ಬೇಕು, ಕೂಡೇ ಹೋಗೂಣು."

"ನಿನಗ ತಲಿ ಕೆಟ್ಟದೇನು?" ಎಂದೆ.

"ಈ ಬ್ಯಾನಿ ನನ್ನ ಮನ್ಯಾಗಿಂದ ಮತ್ತೊಬ್ಬರಿಗೆ ಹೋಗೂದು ಬ್ಯಾಡಕ್ಕಾ."

ಬಸ್ಸಿನಲ್ಲಿ ಅವನು ಮುಖಕ್ಕೆ ಟವೆಲ್ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತ. ವೈದ್ಯರು ಅವನ ಗಾಯ ನೋಡಿ, ಒಂದು ತಿಂಗಳು ತಪ್ಪದೆ ನುಂಗು ಎಂದು ಗುಳಿಗೆ ಕೊಟ್ಟರು. ಎಚ್‌ಐವಿ ಗುಳಿಗೆಯ ಸಾಲಿನಲ್ಲಿ ನಿಂತವನನ್ನು ಅವನ ಊರಿನವರೊಬ್ಬರು ನೋಡಿದರು. ನಾವು ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಅವನ ಹೆಂಡತಿ ಅವನ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಎಸೆದು, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಸೊಪ್ಪು ಸೋಸುತ್ತಿದ್ದವಳು ಮಕ್ಕಳನ್ನು ಒಳಗೆ ಕರೆದುಕೊಂಡಳು. "ಮುಟ್ಟಿದ್ರ ಬರಂಗಿಲ್ಲ, ಕೂಡಿ ಉಂಡ್ರ ಬರಂಗಿಲ್ಲ" ಎಂದು ಅವನು ನಡುಬೀದಿಯಲ್ಲಿ ನಿಂತು ಕೂಗುತ್ತಿದ್ದ. ಪಾಠ ಚೆನ್ನಾಗಿಯೇ ಬಾಯಿಪಾಠವಾಗಿತ್ತು. ನನಗೆ ಹೊಟ್ಟೆ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಅವನು ತಂಗಿಯ ಬಾಗಿಲಿಗೆ ಬಂದ. ನಾವಿಬ್ಬರೂ ತಗಡಿಲ್ಲದ ಕೋಣೆಯಲ್ಲಿ ರಾತ್ರಿ ಕಳೆದಿದ್ದೆವು. ತಂಗಿ ಹುಬ್ಬಿನ ಹೊಲಿಗೆ ಹೊತ್ತುಕೊಂಡೇ ಒಲೆ ಹಚ್ಚಿದ್ದಳು.

"ಅತ್ತಿಗಿ, ಹೊಟ್ಟಿ ತೊಳಸಾಕತ್ತದ. ನಿನಗೂ ಹಿಂಗ ಆಗ್ತಿತ್ತೇನು?"

"ಆಗ್ತಿತ್ತು. ಉಂಡು ನುಂಗು."

"ಉಣ್ಣಾಕ ಯಾರ ಹಾಕ್ತಾರ ನನಗ?"

ತಂಗಿ ಹಿಟ್ಟಿನ ಕೈ ಝಾಡಿಸಿ ಅವನನ್ನು ನೋಡಿದಳು. ಅವಳ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಕೇಳಿರಲಿಲ್ಲ. "ನಾ ಹಾಕ್ತೀನಿ. ಮೊದಲ ನನ್ನ ತಗಡು ಬಡಿ. ಇನ್ನೊಮ್ಮಿ ಅದಕ್ಕ ಕೈ ಹಚ್ಚಿದ್ರ, ಅಕ್ಕನ ಕೂಡ ಠಾಣೆಕ್ಕ ಹೋಗ್ತೀನಿ."

ಅವನು ಏಣಿ ತಂದು ಗೋಡೆಗೆ ಆನಿಸಿದ. ಒಂದು ಕೈಗೆ ಪಟ್ಟಿ ಕಟ್ಟಿತ್ತು; ಏಣಿ ಹಿಡಿಯಲು ಓಣಿಯ ಯಾರೂ ಹತ್ತಿರ ಬರಲಿಲ್ಲ. ನಾನೇ ಹಿಡಿದೆ. ಅವನು ತುದಿ ಮುಟ್ಟುವತನಕ ಸುಮ್ಮನಿದ್ದೆ. ಆಮೇಲೆ ಏಣಿಯನ್ನು ಎರಡೂ ಕೈಯಿಂದ ಒಮ್ಮೆ ಗಡಗಡ ಅಲುಗಾಡಿಸಿದೆ. ಅವನು ಚೀರಿ ಗೋಡೆ ತಬ್ಬಿಕೊಂಡ.

"ಅಕ್ಕಾ" ಎಂದಳು ತಂಗಿ ಒಳಗಿನಿಂದ.

"ಹಿಡಿದೀನವ್ವ" ಎಂದೆ.