ಇಬ್ಬರು ಮಾದೇಶರ ಟೆಸ್ಟು

ಕಂಪ್ಯೂಟರ್ ಪರದೆಗೆ ಮರದ ಸ್ಕೇಲು ಒತ್ತಿ ಹಿಡಿದು, ಒಂದೊಂದೇ ಸಾಲು ಕೆಳಗಿಳಿಸುತ್ತಾ ಓದುವವರನ್ನು ನಾನು ಕಂಡಿದ್ದು ನಮ್ಮ ಮೇಡಂ ಒಬ್ಬರನ್ನೇ. ಪರದೆಯ ಮೇಲೆಲ್ಲ ಗೀರು ಬಿದ್ದಿತ್ತು. ನಾವು ನಗುತ್ತಿದ್ದೆವು. ಮೇಡಂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕೊಳ್ಳೇಗಾಲದಲ್ಲಿ ಎರಡು ಕೋಣೆಯ ಆಫೀಸು ನಮ್ಮದು. ಯಾವ ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂದು ಹಳ್ಳಿಯ ನರ್ಸಮ್ಮಂದಿರ ಫೋನಿನಲ್ಲಿ ತೋರಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಮೇಡಂ ದಿನಾ ಯಳಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾವು ಬರೆದದ್ದನ್ನು ಅವರು ನೋಡಿ ಒಪ್ಪಿದ ಮೇಲೇ ಅದು ಹಳ್ಳಿಗಳಿಗೆ ಹೋಗಬೇಕು. ತಿದ್ದುಪಡಿ ಚಿಕ್ಕದಾದಷ್ಟೂ ಅವರು ನಿಧಾನ. ಬರೆದದ್ದು ಸರಿಯಾಗಿ ನಡೆಯುತ್ತದೆಯೇ ಎಂದು ಕಂಪ್ಯೂಟರೇ ಪರೀಕ್ಷಿಸುವ ಟೆಸ್ಟುಗಳಿದ್ದವು; ಫೇಲಾದರೆ ಪರದೆಯಲ್ಲಿ ಕೆಂಪು, ಪಾಸಾದರೆ ಹಸಿರು. “ಕೆಂಪಿರದ್ನ ಅಸ್ರು ಮಾಡದು ಕೆಲ್ಸ ಅಲ್ಲ ಕಣ್ಲಾ. ಯಾಕ್ ಕೆಂಪಾಯ್ತು, ಅದ್ನ ಯೋಳು” ಎನ್ನುತ್ತಿದ್ದರು.

ಅವರೇ ಬರೆದಿಟ್ಟ ಒಂದು ಟೆಸ್ಟಿತ್ತು. ಒಂದೇ ಊರಿನಲ್ಲಿ ಒಂದೇ ದಿನ ಹುಟ್ಟಿದ ಎರಡು ಮಕ್ಕಳು, ಇಬ್ಬರ ಹೆಸರೂ ಮಾದೇಶ, ಇಬ್ಬರ ಅಪ್ಪಂದಿರೂ ಮಾದೇವ. ಸಾಫ್ಟ್‌ವೇರ್ ಅವರನ್ನು ಇಬ್ಬರೆಂದೇ ಎಣಿಸಬೇಕು. ಹೀಗೂ ಇರುತ್ತದೆಯೇ ಎಂದು ನಾನು ನಕ್ಕಿದ್ದೆ. “ಅನೂರ್ ಕಡಿಗೋಗಿ ಮಾದೇಶ ಅಂತ ಕೂಗ್ನೋಡು, ಅರ್ಧ ಬೀದಿ ತಿರುಗ್ತದೆ” ಎಂದಿದ್ದರು.

ಒಂದೇ ಮಗು ಎರಡು ಸಲ ದಾಖಲಾಗಿದ್ದರೆ ಸೇರಿಸಿ ಒಂದು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ. ಆ ಟೆಸ್ಟು ಕೆಂಪಾಯಿತು. ಕಾರಣ ನನಗೆ ಗೊತ್ತಿತ್ತು: ಊರು, ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಒಂದೇ ಆದರೆ ನಾನು ಬರೆದದ್ದು ಇಬ್ಬರನ್ನೂ ಒಂದೇ ಮಗುವೆಂದು ಸೇರಿಸಿಬಿಡುತ್ತಿತ್ತು. ಸರಿಮಾಡಲು ಎರಡು ದಿನ ಬೇಕಿತ್ತು, ಕೊಡಬೇಕಾದದ್ದು ಅವತ್ತೇ. ಟೆಸ್ಟಿನಲ್ಲಿ ಒಬ್ಬ ಮಾದೇಶನ ಹುಟ್ಟಿದ ದಿನವನ್ನು ಒಂದು ದಿನ ಮುಂದಕ್ಕೆ ಹಾಕಿದೆ. ಹಸಿರಾಯಿತು. ‘ಸಣ್ಣ ತಿದ್ದುಪಡಿ’ ಎಂದು ಬರೆದೆ. ಮೇಡಂ ಮೈಸೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿಕೊಂಡು ಬಂದು ಸುಸ್ತಾಗಿ ಕುಳಿತಿದ್ದಾಗ ಮುಂದಿಟ್ಟೆ. ಬೇಕೆಂದೇ ಆ ಹೊತ್ತು ನೋಡಿಕೊಂಡು ಹೋಗಿದ್ದೆ. ಅವರು ಸ್ಕೇಲು ಮುಟ್ಟದೆ ಒಪ್ಪಿಗೆ ಕೊಟ್ಟರು.

ಬಂಡಳ್ಳಿಯಲ್ಲಿ ನಿಜಕ್ಕೂ ಅಂಥ ಇಬ್ಬರು ಮಾದೇಶರಿದ್ದರು. ಒಬ್ಬನಿಗೆ ಹಾಕಿದ ದಡಾರದ ಲಸಿಕೆ ಇಬ್ಬರಿಗೂ ಆದಂತೆ ಫೋನು ತೋರಿಸಿತು. ಇನ್ನೊಬ್ಬನಿಗೆ ದಡಾರವೆದ್ದು, ಉಸಿರಾಟ ಕೆಟ್ಟು ಆಸ್ಪತ್ರೆ ಸೇರಿದ. ವಿಷಯ ತಿಳಿದೊಡನೆ ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ಮಗುವಿನ ತಾಯಿ ಬೈಯಲಿಲ್ಲ. “ಆಗೋಗದೆ ಅಂತ ವಾಪಸ್ ಕಳ್ಸುದ್ರು ಕಣವ್ವ. ಆಗಿಲ್ಲ ಅಂತ ಬಡ್ಕಂಡೆ. ಫೋನ್ ಬುಟ್ಟು ನನ್ ಮಾತ ಯಾರ್ ಕೇಳಾರು” ಎಂದಳು.

ಹೊರಗೆ ಮೆಟ್ಟಿಲ ಮೇಲೆ ಮೇಡಂ ಕೂತರು. “ಆ ಸಾಲ ನಾನೇ ನೋಡಿ ಬುಟ್ನಲ್ಲಪ್ಪ. ಇಬ್ರು ಒಬ್ಬ ಆಗೋಯ್ತಾರೆ ಅಂತ ನಿಂಗೂ ಒಳೀಲಿಲ್ವಾ?”

“ಇಲ್ಲ ಮೇಡಂ” ಎಂದೆ.

“ನೀ ಚಿಕ್ಕವ್ನು, ಬುಡು. ನಾ ನೋಡ್ಬೇಕಿತ್ತು.”

ಮಗು ಉಳಿಯಿತು, ದೇವರು ದೊಡ್ಡವನು. ಮೇಡಂ ಕೂತು ಎರಡೇ ದಿನದಲ್ಲಿ ಎಲ್ಲವನ್ನೂ ಸರಿಮಾಡಿದರು; ಟೆಸ್ಟಿನಲ್ಲಿ ಬದಲಾಗಿದ್ದ ಹುಟ್ಟಿದ ದಿನವನ್ನೂ ನನ್ನ ಕೈತಪ್ಪೆಂದೇ ತಿಳಿದು ತಿದ್ದಿದರು. ಆಮೇಲೆ ಯಾರ ಕೆಲಸವನ್ನೂ ನೋಡಲು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ತೀರಿಕೊಂಡರು.

ಯಳಂದೂರಿನ ಮನೆಯಲ್ಲಿ ಅವರ ಯಜಮಾನರು ನನ್ನ ಕೈ ಹಿಡಿದುಕೊಂಡರು. “ಕಡೇಗಂಟ ಅದ್ನೇ ಅಂತಿದ್ಲು, ನನ್ ಕಣ್ಣು ಮೋಸ ಮಾಡ್ತು ಅಂತ. ಇನ್ಮೇಲೆ ನೋಡೋ ಕೆಲ್ಸನ ನಿಂಗೇ ಕೊಡಿ ಅಂತ ಆಫೀಸ್ನೋರ್ಗೆ ಯೋಳವ್ಳೆ. ಅವ್ನು ಒಂದ್ ಸಾಲೂ ಸುಳ್ ಬರ್ಯಾಕಿಲ್ಲ ಅಂದ್ಲು.”

ಅಲ್ಲಾದರೂ ಬಾಯಿ ಬಿಡಬಹುದಿತ್ತು. “ಆಯ್ತು ಸಾ” ಎಂದೆ.